ಬಾಡಿಗೆ ಹೋಗಿ ಬಂದ ವ್ಯಾನು

ರಸ್ತೆಯಲ್ಲಿ ಹೋಗುವಾಗ ನಾಲ್ಕು ಜನ ನಮಗೆ ಮರ್ಯಾದೆ ಕೊಡಬೇಕೆಂಬ ಆಸೆ ಯಾರಿಗಿರುವುದಿಲ್ಲ? ನನಗೂ ಇತ್ತು. ಬೈಂದೂರಿನಿಂದ ಕುಂದಾಪುರಕ್ಕೆ ನಮ್ಮ ಹೊಸ, ಎಂದರೆ ನಮಗೆ ಮಾತ್ರ ಹೊಸದಾದ, ವ್ಯಾನಿನಲ್ಲಿ ಬಂದ ದಿನ ಅದು ಬೇಕಾದ್ದಕ್ಕಿಂತ ಹೆಚ್ಚೇ ಸಿಕ್ಕಿತು. ನಾವುಂದದ ಹತ್ತಿರ ಸೈಕಲ್ಲಿನವನೊಬ್ಬ ಇಳಿದು ಬದಿಗೆ ನಿಂತ. ಮರವಂತೆಯಲ್ಲಿ ಬಸ್ಸಿಗೆ ಕಾದು ಕೂತಿದ್ದ ಇಬ್ಬರು ಹೆಂಗಸರು ಎದ್ದು ಕೈಮುಗಿದರು. ಯಾರಿಗೂ ದಾರಿ ಬಿಡುವ ಅಭ್ಯಾಸವಿಲ್ಲದ ನಮ್ಮ ಕರಾವಳಿಯ ಎಕ್ಸ್‌ಪ್ರೆಸ್ ಬಸ್ಸೊಂದು ಎದುರಿನಿಂದ ಬಂದದ್ದು ವೇಗ ತಗ್ಗಿಸಿ, ಮಣ್ಣಿಗಿಳಿದು ನಿಂತಿತು. ನಾನು ಸೀಟಿನಲ್ಲಿ ಜಾರುತ್ತ ಜಾರುತ್ತ ಹೊರಗಿನವರಿಗೆ ಹಣೆಯಷ್ಟೇ ಕಾಣುವಂತೆ ಕುಗ್ಗಿಹೋಗಿದ್ದೆ. ಅದು ಹೆಣ ಸಾಗಿಸುವ ವ್ಯಾನು ಎಂದು ಶಿರೂರಿನಿಂದ ಬ್ರಹ್ಮಾವರದವರೆಗೆ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಅದನ್ನು ಮೆಚ್ಚಿ ಆರಿಸಿದವನು ನಾನೊಬ್ಬನೇ.

ವ್ಯಾನು ಬೇಕಾಗಿದ್ದುದು ಹರೀಶನಿಗೆ. ಹರೀಶ ನನ್ನ ಹೆಂಡತಿ ಜಲಜೆಯ ತಮ್ಮ. ಕೋಟೇಶ್ವರದಲ್ಲಿ ಅವನದೊಂದು ವೆಲ್ಡಿಂಗ್ ಶಾಪು. ವಾರವಿಡೀ ಗೇಟು, ಗ್ರಿಲ್ಲು ಎಂದು ಬೆಸುಗೆ ಹಾಕಿ, ಭಾನುವಾರ ಎಲ್ಲೋ ಗದ್ದೆ ಗುಡ್ಡಗಳ ಮಧ್ಯೆ ಮಣ್ಣಿನ ಟ್ರ್ಯಾಕಿನಲ್ಲಿ ಬೈಕು ಹಾರಿಸಿ ಮೈಕೈ ಮುರಿದುಕೊಂಡು ಬರುವುದು ಅವನ ಸುಖ. ರೇಸ್ ಬೈಕೆಂಬುದು ವಿಚಿತ್ರ ಪ್ರಾಣಿ. ಅಷ್ಟು ಓಡುವ ಅದು ರೇಸಿನ ಜಾಗಕ್ಕೆ ಮಾತ್ರ ಓಡಿಕೊಂಡು ಹೋಗುವಂತಿಲ್ಲ. ಅದಕ್ಕೆ ಹೆಡ್‌ಲೈಟಿಲ್ಲ, ನಂಬರ್ ಪ್ಲೇಟಿಲ್ಲ. ಮದುಮಗನನ್ನು ಮಂಟಪಕ್ಕೆ ಕರೆದೊಯ್ದಂತೆ ಮೈ ಮುಕ್ಕಾಗದ ಹಾಗೆ ಅದನ್ನು ಹೊತ್ತುಕೊಂಡೇ ಹೋಗಬೇಕು. ಗಂಗೊಳ್ಳಿಯ ಮೀನಿನ ಟೆಂಪೋ ಹಿಡಿದು, ಹುಲ್ಲು ಹಾಸಿ, ಹಗ್ಗ ಬಿಗಿದು ಸಾಗಿಸುತ್ತಿದ್ದ ಕಾಲದಲ್ಲಿ ಅವನ ಬೈಕು ಬೂತಾಯಿಯ ವಾಸನೆ ಹೊತ್ತು ಟ್ರ್ಯಾಕಿಗಿಳಿಯುತ್ತಿತ್ತು. ಹಿಂದಿನಿಂದ ಬರುವ ರೇಸರುಗಳು ಅವನನ್ನು ಬೇಗ ದಾಟಿಹೋಗುವುದು ಅದೇ ಕಾರಣಕ್ಕೆ ಎಂದು ಜಲಜೆ ನಗಾಡುತ್ತಿದ್ದಳು.

ಹೀಗಾಗಿ ಹಳೆಯದಾದರೂ ನಂಬಿಕಸ್ಥ ವ್ಯಾನೊಂದನ್ನು ಕೊಳ್ಳುವುದೆಂದಾಯಿತು. ಆರಿಸುವ ಭಾರ ನನ್ನ ಮೇಲೆ ಬಿತ್ತು. ಬಿತ್ತೇನು, ನಾನೇ ಎಳೆದುಕೊಂಡೆ. ವೃತ್ತಿಯಿಂದ ನಾನು ಜೀವವಿಮೆಯ ಏಜೆಂಟು. ಮನುಷ್ಯನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದರೆ ಇವನು ಎಷ್ಟು ಬಾಳಿಕೆ ಬಂದಾನು ಎಂದು ಅಂದಾಜು ಕಟ್ಟುವ ಕಣ್ಣು ನನಗಿದೆ ಎಂಬ ಹಮ್ಮು. ಮನುಷ್ಯನಿಗೆ ಸಲ್ಲುವ ಲೆಕ್ಕ ವ್ಯಾನಿಗೆ ಸಲ್ಲದೇ?

ಈ ವಿಷಯದಲ್ಲಿ ನನ್ನದೇ ಒಂದು ಶಾಸ್ತ್ರವಿತ್ತು. ಕಡಲಬದಿಯ ಗಾಡಿಯನ್ನು ಮೇಲಿನಿಂದ ನೋಡಬಾರದು, ಅಂಗಾತ ಮಲಗಿ ಕೆಳಗಿನಿಂದ ನೋಡಬೇಕು. ಉಪ್ಪುಗಾಳಿ ತಿನ್ನುವುದು ಹೊಟ್ಟೆಯ ಕಡೆಯಿಂದ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಬೇಕು. ನಾವು ಹೋಗುವ ಹೊತ್ತಿಗೆ ಯಜಮಾನ ಅದನ್ನು ಬಿಸಿಮಾಡಿ ಇಟ್ಟಿದ್ದರೆ ಅವನು ಮಗಳಿಗೆ ಪೌಡರ್ ಬಳಿದು ವರನ ಮುಂದೆ ಕೂರಿಸಿದ್ದಾನೆಂದೇ ಅರ್ಥ. ಬ್ರಹ್ಮಾವರದಲ್ಲಿ ನೋಡಿದ ಒಂದು ವ್ಯಾನಿನ ನೆಲಕ್ಕೆ ನಾನು ಕೈಯೊತ್ತಿದ್ದೇ ತಡ, ಕೈ ಆಚೆ ಹೋಗಿ ಕೆಳಗಿನ ಹುಲ್ಲಿಗೆ ತಾಗಿತು. ಬಾರ್ಕೂರಿನದೊಂದು ವ್ಯಾನು ಚೆನ್ನಾಗಿತ್ತು, ಆದರೆ ಹಿಂದಿನ ಬಾಗಿಲು ಕಿರಿದು. ಬೈಕಿನ ಹ್ಯಾಂಡಲ್ ಒಳಗೆ ಹೋಗಬೇಕಾದರೆ ಬೈಕನ್ನು ಓಲೈಸಬೇಕಿತ್ತು.

ಬೈಂದೂರಿನ ಶೀನಣ್ಣನ ವ್ಯಾನು ಕಂಡಾಗ ಮಾತ್ರ ನನ್ನ ಶಾಸ್ತ್ರವೆಲ್ಲ ಒಟ್ಟಿಗೇ ತೃಪ್ತವಾಯಿತು. ಬಿಳಿ ಬಣ್ಣದ, ಉದ್ದನೆಯ ವ್ಯಾನು. ಕೆಳಗೆ ತುಕ್ಕಿಲ್ಲ. ತಣ್ಣನೆಯ ಎಂಜಿನ್ ಮೊದಲ ತಿರುವಿಗೇ ಹೂಂಗುಟ್ಟಿತು. ಒಳಗಿನ ನೆಲಕ್ಕೆ ಸ್ಟೀಲಿನ ತಗಡು, ಅದರ ಮೇಲೆ ಉದ್ದಕ್ಕೆ ಎರಡು ಹಳಿ, ನಾಲ್ಕು ಮೂಲೆಗೆ ಬೆಲ್ಟು ಕಟ್ಟುವ ಕೊಂಡಿ, ನೀರು ಇಳಿದುಹೋಗಲು ಸಣ್ಣ ತೂತು. ಒಂದು ಬದಿಗೆ ಬೆಂಚು, ಅದರ ಮೇಲೆ ಹಿಡಿದುಕೊಳ್ಳಲು ಕಂಬಿ. ನಾನು ಹರೀಶನಿಗೆ ಪಾಠ ಶುರುಮಾಡಿದೆ. "ಕಾಣ್, ಹಳಿ ಮೇಲೆ ಚಕ್ರ ಇಟ್ಟು ದೂಡಿದ್ರೆ ಸೀದಾ ಒಳಗೆ. ಈ ಕೊಂಡಿಗೆ ಕಟ್ಟಿದ್ರೆ ಅಲ್ಲಾಡುಕಿಲ್ಲೆ. ಕೆಸರಿದ್ರೆ ನೀರ್ ಹೊಯ್ದರಾಯ್ತ್. ಯಾರೋ ಬುದ್ಧಿವಂತರೇ ಮಾಡ್ಸಿದ್ದ್!"

ಶೀನಣ್ಣ ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ನನ್ನ ಹೊಗಳಿಕೆಯನ್ನೆಲ್ಲ ತಲೆತಗ್ಗಿಸಿ ಕೇಳುತ್ತಿದ್ದ. ಸೊಂಟದ ನೋವಿನಿಂದ ಡ್ರೈವಿಂಗ್ ಬಿಡುತ್ತಿದ್ದೇನೆ ಎಂದ. ನಾನು ವ್ಯಾನಿನ ಬೆನ್ನು ತಟ್ಟಿ, "ಬಾಡಿ ಲಾಯ್ಕಿತ್ತ್" ಎಂದೆ. ಅವನ ಮುಖ ಒಂದು ಥರ ಆಯಿತು.

"ಇಷ್ಟ್ ದಿನ ಎಂತಕ್ಕೆ ಬಿಡ್ತಿದ್ರಿ?" ಎಂದು ಕೇಳಿದೆ.

"ಬಾಡಿಗೆ" ಎಂದ.

"ಅದ್ ಗೊತ್ತಾಯ್ತ್. ಎಂತ ಬಾಡಿಗೆ?"

"ಬಾಡಿಗೇ, ಹ್ವಾಯ್" ಎಂದ ಶೀನಣ್ಣ ಮೆಲ್ಲಗೆ. "ಮಣಿಪಾಲದ ಆಸ್ಪತ್ರಿಗೆ ಹೋಪತ್ತಿಗೆ ಸೀಕಿನವ್ರ್ ಇರ್ತಿದ್ರ್. ವಾಪಾಸ್ ಬಪ್ಪತ್ತಿಗೆ ಬಾಡಿ. ಸುಳ್ಳ್ ಹೇಳಿ ಕೊಡುಕೆ ನಂಗೆ ಮನಸ್ಸಿಲ್ಲೆ."

ನಾನು ಹಳಿಯ ಮೇಲಿಟ್ಟಿದ್ದ ಕೈಯನ್ನು ತೆಗೆದೆ. ಇಂಗ್ಲಿಷಿನ ಬಾಡಿಯನ್ನು ಸಾಲ ತಂದು, ಗಾಡಿಗೂ ಹೆಣಕ್ಕೂ ಅದೊಂದೇ ಹೆಸರಿಟ್ಟು, ಅದಕ್ಕೆ ನಮ್ಮದೇ ವಿಭಕ್ತಿ ಹಚ್ಚಿ, ಕೊನೆಗೆ ಅದು ಬಾಡಿಗೆಯ ಜೊತೆ ಬೆರೆತುಹೋಗುವಂತೆ ಮಾಡಿದ ನಮ್ಮ ಭಾಷೆಯ ಮೇಲೆ ನನಗೆ ಆ ದಿನ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬಿಟ್ಟು ಬರೋಣವೆಂದರೆ ಹರೀಶ ಒಪ್ಪಲಿಲ್ಲ. "ಭಾವ, ಇಷ್ಟೊತ್ತು ನೀವೇ ಹೊಗಳ್ದದ್ದಲ್ದಾ? ಗಾಡಿ ಅದೇ ಇತ್ತ್" ಎಂದ. ಹೇಳಿದವನೇ ದುಡ್ಡು ಎಣಿಸಿ ಶೀನಣ್ಣನ ಕೈಗಿಟ್ಟ.

ಜಲಜೆಗೆ ವಿಷಯ ತಿಳಿದಾಗ ಅವಳು ನಗಲಿಲ್ಲ, ಬೈಯಲಿಲ್ಲ. ಒಂದು ಚೊಂಬು ನೀರಿಗೆ ಅರಸಿನ ಕದಡಿ ತಂದು ವ್ಯಾನಿನ ನಾಲ್ಕು ಮೂಲೆಗೂ ಚಿಮುಕಿಸಿ, ಉಳಿದದ್ದನ್ನು ನನ್ನ ತಲೆಗೆ ಸುರಿದಳು.

ಹರೀಶನ ಶಾಪಿನಲ್ಲಿ ಜಾಗವಿಲ್ಲದ್ದರಿಂದ ವ್ಯಾನು ನಮ್ಮ ಮನೆಯೆದುರೇ ನಿಂತಿತು. ಪೇಟೆಯಲ್ಲಿ ಮಾತು ಹಬ್ಬಲು ತಡವಾಗಲಿಲ್ಲ. ಪಾಲಿಸಿ ಮಾಡಿಸುವವರೂ ಅವರೇ, ಕೊನೆಗೆ ಕರೆದುಕೊಂಡು ಹೋಗಲು ಬರುವವರೂ ಅವರೇ, ನಡುವೆ ನಮಗೆ ಯಾವ ತಾಪತ್ರಯವೂ ಇಲ್ಲ ಎಂದು ಹೋಟೆಲಿನಲ್ಲಿ ಯಾರೋ ಹೇಳಿದ್ದು ನನ್ನ ಕಿವಿಗೇ ಬಿತ್ತು. ಕಂತು ಕಟ್ಟಲು ತಡಮಾಡುತ್ತಿದ್ದ ಗಿರಾಕಿಗಳ ಅಂಗಳದಲ್ಲಿ ವ್ಯಾನು ನಿಲ್ಲಿಸಿದರೆ ಅವರು ನನ್ನನ್ನು ಒಳಗೂ ಕರೆಯುತ್ತಿರಲಿಲ್ಲ. ಇದನ್ನೆಲ್ಲ ನಗುತ್ತ ತಡೆದುಕೊಳ್ಳಬಹುದಿತ್ತು. ಆದರೆ ಒಂದು ಸಂಜೆ ಎದುರುಮನೆಯ ನಿವೃತ್ತ ಮೇಷ್ಟ್ರು ಗೇಟಿನವರೆಗೆ ಬಂದು, ಒಳಗೆ ಬರದೆ ನಿಂತರು. "ಅಪ್ಪಯ್ಯ ಹಾಸಿಗೆ ಹಿಡಿದದ್ದು ನಿಮ್ಗೆ ಗೊತ್ತಿತ್ತಲ್ದಾ? ಅವ್ರ ಕಿಟಕಿಗೆ ಈ ಗಾಡಿ ಕಾಣತ್ತ್. ಬಂತಾ, ಬಂತಾ ಅಂತ ಕೇಂತ್ರ್. ಚೂರ್ ಆಚೆ ನಿಲ್ಸುಕಾತ್ತಾ?" ಎಂದರು. ಕೇಳುವಾಗ ಅವರ ಕಣ್ಣು ನೆಲದಲ್ಲಿತ್ತು. ನಾಚಬೇಕಾದವನು ನಾನು, ನಾಚಿಕೊಂಡು ಕೇಳಿದವರು ಅವರು.

ಮರುದಿನವೇ ವ್ಯಾನು ಪೇಂಟಿಂಗಿಗೆ ಹೋಯಿತು. ಆಕಾಶನೀಲಿ ಬಣ್ಣ, ಬದಿಗೆ ಬೆಂಕಿಯ ನಾಲಗೆಯಂಥ ಕಿತ್ತಳೆ ಪಟ್ಟೆ. ಕೇಳಿದವರಿಗೆ, ಇದು ಮೊದಲು ಶಾಲೆಯ ವ್ಯಾನಾಗಿತ್ತು ಎಂದು ಹೇಳಲು ಶುರುಮಾಡಿದೆ. ಸುಳ್ಳು ಹೇಳುವುದಕ್ಕೂ ಒಂದು ಪ್ರತಿಭೆ ಬೇಕು. ನಾನು ಶಾಲೆಯ ಮಕ್ಕಳ ಗಲಾಟೆಯನ್ನೂ, ಬೆಂಚಿನ ಮೇಲೆ ಅವು ಚೆಲ್ಲಿದ ಸಾರನ್ನೂ ವರ್ಣಿಸುವಷ್ಟು ದೂರ ಹೋಗಿದ್ದೆ. ದೇವರುಗಳು ಈ ವಿಷಯದಲ್ಲಿ ನಮಗಿಂತ ದೊಡ್ಡವರು. ಇಲಿಯ ಮೇಲೆ ಬರುವ ಗಣಪತಿ ಅದನ್ನು ಕುದುರೆಯೆಂದು ಯಾರ ಬಳಿಯೂ ಹೇಳಿದ್ದಿಲ್ಲ.

ಆ ವರ್ಷದ ಕೊನೆಯಲ್ಲಿ ಘಟ್ಟದ ಮೇಲೊಂದು ರೇಸಿತ್ತು. ಉಡುಪಿಯ ಪ್ರೀತಮ್ ಎಂಬ ರೇಸರ್ ತನ್ನ ಬೈಕನ್ನೂ ನಮ್ಮ ವ್ಯಾನಿಗೇ ಹಾಕಿದ. ಹರೀಶ ಡ್ರೈವಿಂಗಿಗೆ, ನಾನು ನಡುವೆ, ಪ್ರೀತಮ್ ಕಿಟಕಿಯ ಬದಿಗೆ. ಕುಂದಾಪುರ ಬಿಟ್ಟು ಹೆಮ್ಮಾಡಿ ದಾಟುವುದರೊಳಗೆ ನಾನು ಅವನಿಗೆ ಶಾಲೆಯ ಕತೆಯನ್ನು ಪೂರ್ತಿ ಹೇಳಿ ಮುಗಿಸಿದ್ದೆ.

ಹಾಲ್ಕಲ್ಲಿನಲ್ಲಿ ಚಾಕ್ಕೆ ಇಳಿದೆವು. ಬೆಲ್ಟು ಸಡಿಲವಾಗಿದೆಯೇ ಎಂದು ನೋಡಲು ಹರೀಶ ಹಿಂದಿನ ಬಾಗಿಲು ತೆರೆದ. ಕೊಲ್ಲೂರಿನ ಬಸ್ಸಿಗೆ ಕಾಯುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ಮಲ್ಲಿಗೆ, ಸೇವಂತಿಗೆ ತುಂಬಿದ ಬುಟ್ಟಿಯನ್ನು ಕೆಳಗಿಟ್ಟು ಹತ್ತಿರ ಬಂದರು. ಬೈಕುಗಳನ್ನು ನೋಡುತ್ತಿದ್ದಾರೆಂದುಕೊಂಡೆ. ಅವರು ನೋಡುತ್ತಿದ್ದುದು ಬೆಂಚನ್ನು, ಅದರ ಮೇಲಿನ ಕಂಬಿಯನ್ನು.

"ಇದ್ ಶೀನಣ್ಣನ ಗಾಡಿ ಅಲ್ದಾ?" ಎಂದರು.

ಪ್ರೀತಮ್ ನನ್ನ ಪಕ್ಕದಲ್ಲೇ ಗ್ಲಾಸು ಹಿಡಿದು ನಿಂತಿದ್ದ. "ಅಲ್ಲಮ್ಮ, ಇದು ಶಾಲೆ ವ್ಯಾನ್" ಎಂದೆ.

ಅವರು ನನ್ನ ಮುಖವನ್ನೊಮ್ಮೆ, ಕಂಬಿಯನ್ನೊಮ್ಮೆ ನೋಡಿದರು. "ಹೌದಾ? ತಪ್ಪ್ ತಿಳ್ಕಂಡೆ" ಎಂದು ಬುಟ್ಟಿಯ ಕಡೆಗೆ ತಿರುಗಿದರು.

"ತಪ್ಪಲ್ಲ ಅಮ್ಮ" ಎಂದ ಹರೀಶ ವ್ಯಾನಿನ ಒಳಗಿಂದಲೇ. "ಶೀನಣ್ಣಂದೇ. ನಾವ್ ತಕಂಡದ್. ಬಣ್ಣ ಬೇರೆ, ಅಷ್ಟೇ."

ಆಕೆ ಮತ್ತೆ ಬಂದರು. ಈ ಸಲ ಕೇಳದೆಯೇ ಕೈ ಒಳಗೆ ಹಾಕಿ ಕಂಬಿಯನ್ನು ಮುಟ್ಟಿದರು. "ನಮ್ಮವ್ರನ್ನ ಇದ್ರಗೇ ತಂದದ್" ಎಂದರು. "ಆಸಾಡಿ ಮಳಿ. ಹೊಳಿ ರಸ್ತಿಗೆ ಬಂದಿತ್. ಬೇರೆ ಗಾಡಿಯವ್ರ್ ಯಾರೂ ಬಪ್ಪುಕೆ ಒಪ್ಲಿಲ್ಲ. ಶೀನಣ್ಣ ಎಂತ ಹೇಳ್ದ ಗೊತ್ತಿತ್ತಾ? ನನ್ ಗಾಡಿ ನಿಂತ್ಕಂತಿಲ್ಲೆ, ನೀವ್ ಕೂಕಣಿ ಅಂದ. ನಾ ಈ ಕಂಬಿ ಹಿಡ್ಕಂಡ್ ಕೂಕಂಡದ್. ನೀರಗೆ ಒಂದ್ ಸಲ ನಿಂತಿದ್ರೂ ನಾ ಎಂತ ಮಾಡ್ಕಿತ್? ನಿಲ್ಲಿಲ್ಲ. ಮನಿ ಬಾಗ್ಲ್ ತನಕ ಬಂತ್."

ನಾನು ಅಂಗಾತ ಮಲಗಿ, ತುಕ್ಕು ಕೆರೆದು, ಹೊಗೆಯ ಬಣ್ಣ ನೋಡಿ ಹುಡುಕಿದ್ದು ಈ ನಂಬಿಕೆಯನ್ನೇ. ಅದಕ್ಕೆ ಸಾಕ್ಷಿ ಹೇಳಲು ಬಂದ ಒಬ್ಬರೇ ಒಬ್ಬರನ್ನು ನಾನು ಸುಳ್ಳು ಹೇಳಿ ಕಳಿಸಲು ಹೊರಟಿದ್ದೆ. ಹೆಣ ಹೊತ್ತ ವ್ಯಾನು ಕೊಂಡದ್ದಕ್ಕೆ ಅಷ್ಟು ದಿನ ನಾಚಿದ್ದೆನಲ್ಲ, ಅದೆಲ್ಲ ಯಾವ ಲೆಕ್ಕಕ್ಕೂ ಇರಲಿಲ್ಲ. ನಿಜವಾದ ನಾಚಿಕೆ ಎಂದರೆ ಏನೆಂದು ಹಾಲ್ಕಲ್ಲಿನ ಆ ಚಾ ಅಂಗಡಿಯೆದುರು ತಿಳಿಯಿತು.

"ಶಾಲೆ ಅಂತ ಹೇಳಿದ್ರಲ್ಲ ಸಾರ್?" ಎಂದ ಪ್ರೀತಮ್. ಪಾಪ, ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

ನಾನು ಆಕೆಯ ಬುಟ್ಟಿ ಎತ್ತಿಕೊಂಡೆ. "ಕೊಲ್ಲೂರಿಗಲ್ದಾ ಅಮ್ಮ? ನಮ್ಮೊಟ್ಟಿಗೆ ಬನ್ನಿ. ನಿಮಗೆ ಬೇಜಾರಿಲ್ಲದಿದ್ರೆ" ಎಂದೆ. ಕೊನೆಯ ಮಾತು ಹೇಳುವಾಗ ಅವರ ಮುಖ ನೋಡಲಾಗಲಿಲ್ಲ.

"ಎಂತ ಬೇಜಾರ್? ಬತ್ತೆ. ಆದ್ರೆ ಹಿಂದೆ ಬೇಡ" ಎಂದರು. "ಆವತ್ತ್ ಹಿಂದೆ ಕೂಕಂಡ್ ದಾರಿಯೇ ಕಾಣ್ಲಿಲ್ಲ. ಇವತ್ತ್ ಎದ್ರಿಗೆ ಕೂಕಂತೆ."

ಎದುರಿಗೆ ಮೂವರಿಗೇ ಜಾಗ. ನಾನು ಹಿಂದೆ ಹತ್ತಿದೆ. ಬಾಗಿಲು ಮುಚ್ಚಿಕೊಂಡಿತು. ಮಬ್ಬು ಗಾಜಿನಲ್ಲಿ ಬೆಳಕು ಬರುತ್ತದೆಯೇ ಹೊರತು ಊರು ಕಾಣುವುದಿಲ್ಲ. ಬೆಂಚಿನ ಮೇಲೆ ಕೂತು, ಮಡಿಲಲ್ಲಿ ಹೂವಿನ ಬುಟ್ಟಿ, ಎದುರಿಗೆ ಎರಡು ಬೈಕು. ತಿರುವಿನಲ್ಲಿ ಮೈ ವಾಲಿದಾಗ ಕೈ ತಾನಾಗಿ ಕಂಬಿಯನ್ನು ಹಿಡಿಯಿತು. ಅಷ್ಟು ತಿಂಗಳು ಅದೇ ವ್ಯಾನಿನಲ್ಲಿ ಓಡಾಡಿದ್ದರೂ ನಾನು ಆ ಬೆಂಚಿನ ಮೇಲೆ ಒಮ್ಮೆಯೂ ಕೂತಿರಲಿಲ್ಲ.

ಮುಂದಿನಿಂದ ಆಕೆಯ ಮಾತು ಕೇಳುತ್ತಿತ್ತು. ಆ ಗದ್ದೆ ಯಾರದು, ಈ ಮನೆಗೆ ಹೊಸ ಹೆಂಚು ಯಾವಾಗ ಹಾಕಿಸಿದ್ದು, ಎಲ್ಲವನ್ನೂ ಪ್ರೀತಮ್‌ನಿಗೆ ಹೇಳುತ್ತಿದ್ದರು. ಹರೀಶ ಮಾತ್ರ, ಭಾನುವಾರ ಗುಡ್ಡ ಹಾರುವ ಶೂರ, ಆಕೆಯ ದುಃಖಕ್ಕೆಂದೋ ನನ್ನ ಮಾನಕ್ಕೆಂದೋ ತುಂಬಿದ ಕೊಡ ಹೊತ್ತವನ ಹಾಗೆ ನಿಧಾನವಾಗಿ ಬಿಡುತ್ತಿದ್ದ. ಆಕೆ ಸ್ವಲ್ಪ ದೂರ ತಡೆದುಕೊಂಡರು. ಆಮೇಲೆ ಹೇಳಿದರು:

"ಎಂತ ಮಗ, ಗಾಡಿಗೆ ಸೀಕಾ? ಚೂರ್ ಜೋರ್ ಬಿಡ್. ಹೂಗ್ ಬಾಡ್ತತ್ತ್."