ಜಯಶೀಲಾಳ ಹದಿನಾಲ್ಕು ದಿನ

ಜಯಶೀಲಾಗೆ ಸುಸ್ತು ಎನ್ನುವುದು ಈಚೆಗೆ ಬಂದದ್ದೇನಲ್ಲ. ಐರ್ಲೆಂಡಿನ ಅತ್ಲೋನ್‌ಗೆ ಬಂದ ಏಳು ವರ್ಷಗಳಲ್ಲಿ ಅದು ಮನೆಯವರಲ್ಲಿ ಒಬ್ಬರಂತೆ ಆಗಿಹೋಗಿತ್ತು. ಊರಾಚೆಯ ವೃದ್ಧಾಶ್ರಮವೊಂದರಲ್ಲಿ ಅವಳ ಕೆಲಸ. ಬೇರೆಯವರ ಅಜ್ಜ ಅಜ್ಜಿಯರನ್ನು ಎಬ್ಬಿಸಬೇಕು, ಮೈ ತೊಳೆಸಬೇಕು, ತಿನ್ನಿಸಬೇಕು. ಹೇಗಿದ್ದೀಯ ಎಂದು ಕೇಳಿದರೆ ಇಲ್ಲಿಯ ಜನ ಸೊಂಟ ಮುರಿದಿದ್ದರೂ ‘ಗ್ರ್ಯಾಂಡ್’ ಅನ್ನುತ್ತಾರೆ. ಬಿ.ಕಾಂ. ಓದಿದ ನಂಜನಗೂಡಿನ ಹೆಂಗಸು ಈ ದೇಶದಲ್ಲಿ ಮೊದಲು ಕಲಿತ ಪದವೂ ಅದೇ.

ಗಂಡ ಸತ್ಯಪ್ರಕಾಶ್ ಸಾಫ್ಟ್‌ವೇರ್ ಟೆಸ್ಟರ್. ಎರಡು ವರ್ಷದ ಹಿಂದೆ ಅವನಿಗೆ ಲ್ಯುಕೇಮಿಯಾ ಬಂತು. ಕೀಮೋ ಕೊಟ್ಟರು, ಹೋಯಿತು, ಎಲ್ಲರೂ ಸಿಹಿ ತಿಂದರು. ಈ ಫೆಬ್ರವರಿಯಲ್ಲಿ, ಕರೆಯದ ನೆಂಟನಂತೆ, ಅದು ಮತ್ತೆ ಬಂತು. ಹಳೆಯ ಔಷಧಿ ಈ ಸಲ ಕೈ ಹಿಡಿಯುವುದಿಲ್ಲ, ಅಸ್ಥಿಮಜ್ಜೆ ಬದಲಿಸೋಣವೆಂದರೆ ಅವನ ಹೃದಯ ಅಷ್ಟು ಗಟ್ಟಿಯಿಲ್ಲ ಎಂದರು ಹತ್ತಿರದ ಆಸ್ಪತ್ರೆಯ ಡಾಕ್ಟರು. ಅವರಲ್ಲಿ ಒಬ್ಬ ಅಶ್ವಿನ್, ದಾವಣಗೆರೆಯಲ್ಲಿ ಓದಿದ ಹುಡುಗ. ಇಂಗ್ಲಿಷಿನಲ್ಲಿ ಹೇಳಲಾಗದ್ದನ್ನೆಲ್ಲ ಆಮೇಲೆ ಕಾರಿಡಾರಿನಲ್ಲಿ ನಿಂತು ಕನ್ನಡದಲ್ಲಿ ಹೇಳುತ್ತಿದ್ದ.

“ಅಕ್ಕಾ, ಒಂದು ಟ್ರಯಲ್ ಐತೆ. ಇನ್ನೂ ಪರೀಕ್ಷೆ ಮಾಡ್ತಿರೋ ಹೊಸ ಮಾತ್ರೆ, ಸರ್‌ಗೆ ಹೊಂದಬಹುದು. ಆದ್ರೆ ಇಡೀ ಐರ್ಲೆಂಡಿಗೆ ಡಬ್ಲಿನ್‌ನ ಒಂದೇ ಆಸ್ಪತ್ರೇಲಿ ನಡೀತಿರೋದು. ವಾರಕ್ಕೆರಡು ಸಲ ಹೋಗಬೇಕಾಗುತ್ತೆ.”

“ಮಾತ್ರೆ ತಾನೆ ಡಾಕ್ಟ್ರೇ? ಇಲ್ಲೇ ನೀವೇ ಯಾಕೆ ಕೊಡಬಾರ್ದು?”

ಅಶ್ವಿನ್ ಅವಳನ್ನು ಒಳಗೆ ಕೂರಿಸಿ ಕಂಪ್ಯೂಟರಿನಲ್ಲಿ ಯುರೋಪಿನ ನಕ್ಷೆ ತೋರಿಸಿದ. ಟ್ರಯಲ್ ನಡೆಯುವ ಆಸ್ಪತ್ರೆಗಳಿಗೆಲ್ಲ ಕೆಂಪು ಚುಕ್ಕಿ. ರಂಗೋಲಿ ಬಾರದವರು ಚುಕ್ಕಿ ಇಟ್ಟಂತೆ ಜರ್ಮನಿ, ಫ್ರಾನ್ಸ್, ಸ್ಪೇನ್‌ಗಳ ದೊಡ್ಡ ಊರುಗಳಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಐರ್ಲೆಂಡಿನ ಪೂರ್ವದ ಅಂಚಿನಲ್ಲಿ ಒಂದು. ಅತ್ಲೋನ್, ಸ್ಲೈಗೋದಂಥ ಊರುಗಳೆಲ್ಲ ಬರೀ ಖಾಲಿ.

“ರೋಗಿಗಳು ಜಾಸ್ತಿ ಇರೋ ಕಡೆ, ಲ್ಯಾಬು, ನರ್ಸು ಎಲ್ಲ ರೆಡಿ ಇರೋ ಕಡೆ ಕಂಪನಿಯವ್ರು ಹೋಗ್ತಾರೆ. ಒಂದು ಟ್ರಯಲ್ ಚೆನ್ನಾಗಿ ಮಾಡಿದೋರಿಗೆ ಇನ್ನೊಂದು ಸಿಗುತ್ತೆ. ನಮ್ಮಂಥ ಆಸ್ಪತ್ರೇನ ಯಾರೂ ಕೇಳಲ್ಲ,” ಎಂದ. “ಇನ್ನೊಂದು ವಿಷ್ಯ. ಎಲ್ಲಾ ದೇಶಕ್ಕೂ ಸೇರಿ ಉಳಿದಿರೋದು ಮೂರೇ ರೋಗಿಗಳಿಗೆ ಜಾಗ. ಇಷ್ಟು ನಮ್ಮದು ಅಂತ ಹಿಡಿದಿಡೋಕಾಗಲ್ಲ. ಯಾರು ಮೊದಲು ಸೇರ್ತಾರೋ ಅವರಿಗೆ.”

ಉಂಡವರ ಎಲೆಗೇ ಮತ್ತೆ ಬಡಿಸುವುದು ಲೋಕದ ಎಲ್ಲ ಪಂಕ್ತಿಯಲ್ಲೂ ಇದ್ದದ್ದೇ. ಅದಕ್ಕೆ ಸಿಟ್ಟು ಮಾಡಿಕೊಳ್ಳುವ ಶಕ್ತಿಯೂ ಜಯಶೀಲಾಗೆ ಉಳಿದಿರಲಿಲ್ಲ. ಹೆಸರು ಕೊಡಿ ಎಂದಳು. ಎರಡು ದಿನದಲ್ಲಿ ಡಬ್ಲಿನ್‌ನಿಂದ ನರ್ಸ್ ಫೋನ್ ಮಾಡಿ, ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳನ್ನೆಲ್ಲ ಒಂದೊಂದಾಗಿ ಬರೆದುಕೊಂಡಳು. ಬೇರೆ ಯಾವುದಾದರೂ ಔಷಧಿ? ಇಲ್ಲ ಎಂದಳು ಜಯಶೀಲಾ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಕಷಾಯವನ್ನು ಔಷಧಿಯ ಲೆಕ್ಕಕ್ಕೆ ಹಿಡಿಯುವವರು ನಮ್ಮಲ್ಲಿ ಯಾರಿದ್ದಾರೆ? ಅದು ಅಡುಗೆಮನೆಯದು, ಸಾರು ಇದ್ದಂತೆ, ಮಜ್ಜಿಗೆ ಇದ್ದಂತೆ. ಡಬ್ಲಿನ್ ಬಳಿಯ ಕ್ಯಾಸಲ್‌ನಾಕ್‌ನಲ್ಲಿರುವ ಗೆಳತಿ ಅನಸೂಯ ಮೈಸೂರಿಗೆ ಹೋಗಿ ಬರುವಾಗ ಅಮೃತಬಳ್ಳಿಯ ಪುಡಿ ತಂದುಕೊಟ್ಟಿದ್ದಳು. ಎರಡು ತಿಂಗಳಿಂದ ಜಯಶೀಲಾ ಕೆಲಸಕ್ಕೆ ಹೋಗುವ ಮುಂಚೆ ಅದನ್ನು ಮೆಣಸು, ಬೆಲ್ಲ ಹಾಕಿ ಕುದಿಸಿ ಗಂಡನಿಗೆ ಕೊಡುತ್ತಿದ್ದಳು. ಬಳ್ಳಿ, ಬೇರು ಎಂದರೆ ಮೂಗು ಮುರಿಯುವ ಮನುಷ್ಯ ಎಂದು ಅವನಿಗೆ ಜೀರಿಗೆ ಕಷಾಯ ಅಂದಿದ್ದಳು.

ಡಬ್ಲಿನ್‌ಗೆ ಬರಹೇಳಿದ ದಿನ ಬೆಳಗ್ಗೆ ಐದಕ್ಕೇ ಎದ್ದರು. ರೈಲಿನಲ್ಲಿ ಡಬ್ಲಿನ್‌ನ ಹ್ಯೂಸ್ಟನ್ ನಿಲ್ದಾಣ, ಅಲ್ಲಿಂದ ಟ್ರಾಮ್, ಆಮೇಲೆ ಮುಗಿಯದ ಕಾರಿಡಾರು. ನಡುವೆ ಎರಡು ಸಲ ಸತ್ಯಪ್ರಕಾಶ್ ಗೋಡೆ ಹಿಡಿದು ನಿಂತ. ರಕ್ತ ತೆಗೆದರು, ಹೃದಯ ನೋಡಿದರು. ಕೊನೆಗೆ ನರ್ಸ್ ಒಂದು ಹಾಳೆ ತಿರುಗಿಸಿ ನಿಧಾನವಾಗಿ ಕೇಳಿದಳು: ಗಿಡಮೂಲಿಕೆ, ಪುಡಿ, ಬೇರು, ಮನೆಯಲ್ಲಿ ಕುದಿಸಿದ ಟೀ, ಅಂಥದ್ದೇನಾದರೂ? ಕೆಲವು ಬೇರುಗಳಿಂದ ಲಿವರ್ ಕೆಡುತ್ತದೆ, ಈ ಮಾತ್ರೆಯ ಜೊತೆ ಸೇರಿದರೆ ಅಪಾಯ, ಅದಕ್ಕೇ ಕೇಳುತ್ತಿದ್ದೇನೆ ಎಂದೂ ಸೇರಿಸಿದಳು.

“ನೋ, ನಥಿಂಗ್,” ಎಂದ ಸತ್ಯಪ್ರಕಾಶ್. “ಐಯಾಮ್ ಗ್ರ್ಯಾಂಡ್.”

ಜಯಶೀಲಾಗೆ ತಾನು ಕುದಿಸುವ ಕಷಾಯ ನೆನಪಾಯಿತು. ಹೇಳಿದರೆ ಜಾಗ ಹೋಗಬಹುದು. ಹೇಳದಿದ್ದರೆ ಮನುಷ್ಯನೇ ಹೋಗಬಹುದು. ನರ್ಸ್ ಮುಂದಿನ ಪ್ರಶ್ನೆಗೆ ಬಂದಿದ್ದಳು. ಜಯಶೀಲಾ ಅವಳನ್ನು ತಡೆದು, ತನ್ನ ಹರಕು ಮುರುಕು ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟಳು. ನರ್ಸ್ ಬೈಯಲಿಲ್ಲ. ಪೆನ್ನು ಕೆಳಗಿಟ್ಟು, ಡಾಕ್ಟರನ್ನು ಕೇಳಿಕೊಂಡು ಬಂದಳು. ಹದಿನಾಲ್ಕು ದಿನ ಅದನ್ನು ಮುಟ್ಟಬಾರದು, ಆಮೇಲೆ ಮತ್ತೆ ರಕ್ತ ನೋಡಿ ಸೇರಿಸಿಕೊಳ್ಳುತ್ತೇವೆ, ಅಲ್ಲಿಯವರೆಗೆ ಜಾಗ ಉಳಿದಿದ್ದರೆ, ಎಂದಳು.

ವಾಪಸ್ ರೈಲಿನಲ್ಲಿ ಗಂಡನನ್ನು ಕಿಟಕಿಯ ಪಕ್ಕ ಕೂರಿಸಿ ತಾನೂ ಕೂತಳು.

“ತಪ್ಪು ನಂದೇ ರೀ. ಜೀರಿಗೆ ಅಂತ ಹೇಳಿ ಕುಡಿಸ್ತಿದ್ದೆ,” ಎಂದಳು ಜಯಶೀಲಾ.

“ಜೀರಿಗೆ ಅಷ್ಟು ಕಹಿ ಇರುತ್ತಾ? ನಂಗೆ ಮೊದಲನೇ ದಿನಾನೇ ಗೊತ್ತಾಯ್ತು.”

“ಗೊತ್ತಿದ್ದೂ ಅವಳ ಮುಂದೆ ಇಲ್ಲ ಅಂದ್ರಾ?”

“ತಪ್ಪು ನಿನ್ನ ಮೇಲೆ ಬರೋದು ಬೇಡ ಅಂತ.”

ಅವಳಿಗೆ ಸಿಟ್ಟು ಬಂತು, ಬಂದ ಅಳುವನ್ನು ತಡೆದುಕೊಂಡಳು. ಇಂಥ ಗಂಡನನ್ನು ಬೈಯುವುದೋ, ಕೈ ಮುಗಿಯುವುದೋ? ಎರಡೂ ಮಾಡದೆ ಅವನ ಮಫ್ಲರ್ ಸರಿಮಾಡಿದಳು.

ಆಮೇಲಿನದು ಬರೀ ದಿನ ಎಣಿಸುವ ಕೆಲಸ. ಅವನಿಗೆ ವಾರಕ್ಕೊಮ್ಮೆ ರಕ್ತ ಹಾಕಿಸಬೇಕಿತ್ತು. ಅವಳು ಅವರಿವರೊಡನೆ ಶಿಫ್ಟ್ ಬದಲಾಯಿಸಿಕೊಂಡು ಅವನ ಜೊತೆ ಹೋಗಿ, ಬದಲಾಯಿಸಿದ್ದನ್ನು ಭಾನುವಾರ ತೀರಿಸಿದಳು. ಹದಿನೈದರ ಮಗಳು ಮಾನ್ಯಾ ಸ್ಕೂಲಿನಿಂದ ಬಂದವಳೇ, “ಮ್ಯಾಮ್, ಡಿಡ್ ದೇ ರಿಂಗ್?” ಎಂದು ಪಕ್ಕಾ ಅತ್ಲೋನ್ ದನಿಯಲ್ಲಿ ತಾಯಿಯನ್ನು ಕೇಳುತ್ತಿದ್ದಳು. “ಫೋನ್ ಬಂದಿಲ್ಲ ಪುಟ್ಟಾ, ಕೈಕಾಲು ತೊಳ್ಕೊ,” ಎನ್ನುತ್ತಿದ್ದಳು ಜಯಶೀಲಾ.

ಹನ್ನೊಂದನೆಯ ದಿನ ಫೋನ್ ಬಂತು. ಜಯಶೀಲಾ ಆಗ ಮುದುಕಿಯೊಬ್ಬಳಿಗೆ ಕಸ್ಟರ್ಡ್ ತಿನ್ನಿಸುತ್ತಿದ್ದಳು. ಅಶ್ವಿನ್‌ನ ದನಿ ಕೇಳಿದಾಗಲೇ ಗೊತ್ತಾಯಿತು.

“ಅಕ್ಕಾ, ಜಾಗ ತುಂಬಿಹೋಯ್ತು. ಎರಡು ಜರ್ಮನಿಯ ಒಂದೇ ಆಸ್ಪತ್ರೆಗೆ, ಒಂದು ಸ್ಪೇನ್‌ಗೆ. ಅಲ್ಲೆಲ್ಲ ದಿನಾ ಬರೋರು ಇರ್ತಾರಲ್ಲ.”

“ಬೇರೆ ಯಾವ್ದೂ ಇಲ್ವಾ?”

“ಹುಡುಕ್ತಾ ಇದೀನಿ. ಸದ್ಯಕ್ಕೆ ಈ ದೇಶದಲ್ಲಿ ಸರ್‌ಗೆ ಹೊಂದೋದು ಇಲ್ಲ. ನೀವು ಹೇಳಿದ್ದು ಸರಿ ಅಕ್ಕಾ, ಅದನ್ನ ಮಾತ್ರ ಮನಸ್ಸಿಗೆ ಹಚ್ಕೋಬೇಡಿ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಉಳಿದ ಕಸ್ಟರ್ಡ್ ತಿನ್ನಿಸಿ, ಮುದುಕಿಯ ಬಾಯಿ ಒರೆಸಿ, ಮೇಲ್ವಿಚಾರಕಿಯನ್ನು ಕೇಳಿಕೊಂಡು ಜಯಶೀಲಾ ನಾಲ್ಕಕ್ಕೇ ಹೊರಟಳು. ಮನೆಯಲ್ಲಿ ಸತ್ಯಪ್ರಕಾಶ್ ಕಿಟಕಿಯ ಬಳಿ ಕಂಬಳಿ ಹೊದ್ದು ಕೂತಿದ್ದ. ಅವಳು ಕೋಟು ಕೂಡ ತೆಗೆಯದೆ ಪಕ್ಕದಲ್ಲಿ ಕೂತು, ಜಾಗ ತುಂಬಿತಂತೆ ಎಂದಳು.

ಆ ಹೊತ್ತಿನಲ್ಲಿ ಅವಳಿಗೆ ಮೊದಲು ಬಂದದ್ದು ದುಃಖವಲ್ಲ. ಸೋಮವಾರ ಡಬ್ಲಿನ್‌ಗೆಂದು ಐದಕ್ಕೆ ಏಳಬೇಕಾಗಿಲ್ಲ ಎಂಬುದು. ರೈಲಿಲ್ಲ, ಟ್ರಾಮ್ ಇಲ್ಲ, ಆ ಕಾರಿಡಾರಿನಲ್ಲಿ ಇವನನ್ನು ಹಿಡಿದು ನಡೆಸಬೇಕಾಗಿಲ್ಲ. ಹೊರೆ ಇಳಿಸಿದವರ ಹಾಗೆ ಒಂದು ಉಸಿರು, ಅವನಿಗೂ ಕೇಳುವಷ್ಟು ಜೋರಾಗಿ, ತಾನಾಗಿಯೇ ಹೊರಬಂತು. ಆ ಉಸಿರಿನ ಅರ್ಥ ಹೊಳೆದೊಡನೆ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಎರಡು ವರ್ಷದಲ್ಲಿ ಅವನ ಮುಂದೆ ಒಮ್ಮೆಯೂ ಅಳದವಳು ಮುಖ ಮುಚ್ಚಿಕೊಂಡು ಅತ್ತಳು.

ಅವನು ಕಂಬಳಿಯೊಳಗಿಂದ ಕೈ ತೆಗೆದು ಅವಳ ಬೆನ್ನ ಮೇಲಿಟ್ಟ.

“ಅಳಬೇಡ ಜಯಾ,” ಎಂದ. “ನಂಗೂ ಹಾಗೇ ಅನ್ನಿಸ್ತು.”