ರಟ್ಟು ಕುಟ್ಟುವ ಮೇಷ್ಟ್ರು
"ಮೇಷ್ಟ್ರಿಗೆ ಒಸಿ ಗಾಳಿ ಮೆಟ್ಕಂಡೈತೆ ಕಣಕ್ಕಾ, ರಟ್ಟು ಕುಟ್ಕಂಡು ಕೂತವ್ರೆ" ಎನ್ನುತ್ತಿದ್ದರು ಕನಕಪುರದ ಆ ಬೀದಿಯ ಹೆಂಗಸರು. ಕಾಲೇಜಿನಲ್ಲಿದ್ದ ಕಂಪ್ಯೂಟರ್ ಎರಡು, ಮಕ್ಕಳು ಅರವತ್ತು. ಅದಕ್ಕೇ ಪುಟ್ಟಮಾದಯ್ಯ ಮೇಷ್ಟ್ರು ಮನೆಯಲ್ಲಿ ಕೂತು ಎಲ್ಲರಿಗೂ ರಟ್ಟಿನ ಮೇಲೆ ಕೀಬೋರ್ಡ್ ಬರೆದು, ತಾವೇ ಕುಟ್ಟಿ ನೋಡಿ ಕೊಡುತ್ತಿದ್ದರು. ರೇಷ್ಮೆ ಸಾಕಿದ ಮನೆತನದವರು, ರೇಷ್ಮೆಹುಳದ ಮನೆಯ ಕಟ್ಟಳೆಯಂತೆ ಕೈಕಾಲು ತೊಳೆಯದೆ ಯಾರನ್ನೂ ಕಂಪ್ಯೂಟರ್ ಕೋಣೆಗೆ ಬಿಡುತ್ತಿರಲಿಲ್ಲ. ಮೌಸ್ ಮುಟ್ಟಲು ನಡುಗುವವರಿಗೆ "ಹಿಡ್ಕೊಳವ್ವಾ, ಅದೇನ್ ಕಚ್ಚಾಕಿಲ್ಲ" ಎಂಬುದೇ ಮಂತ್ರ. ವರ್ಷ ಮುಗಿಯುವುದರೊಳಗೆ ಪ್ರತಿಯೊಬ್ಬರೂ ತಮ್ಮೂರಿನದೊಂದು ವೆಬ್ ಪುಟ ಮಾಡಲೇಬೇಕು. ತಾವು ನಿವೃತ್ತರಾದರೆ ಕಲಿಸುವವರಿಲ್ಲದೆ ಆ ಕೋಣೆಗೆ ಬೀಗ ಬೀಳುತ್ತದಲ್ಲಾ ಎಂಬುದೊಂದೇ ಅವರ ಕೊರಗು. ನಿವೃತ್ತಿಯ ದಿನ ಬೆಳಿಗ್ಗೆ, ಹಿಂದೊಮ್ಮೆ ದೊಡ್ಡಆಲಹಳ್ಳಿಯ ಪುಟ ಮಾಡಿದ್ದ ಹಳೆಯ ಶಿಷ್ಯೆ ಭಾನುಪ್ರಿಯ ಮನೆ ಬಾಗಿಲಿಗೆ ಬಂದಳು: "ಪ್ರಿನ್ಸಿಪಾಲ್ರು ಈ ಕ್ಲಾಸು ನಂಗೇ ಕೊಟ್ಟವ್ರೆ ಸಾ. ಇವತ್ತೇ ಮೊದಲ್ನೇ ಪಾಠ, ನೀವೂ ಬಂದು ಕೂತ್ಕಳಿ." ಕೊನೆಯ ಸಲ ಕಾಲೇಜಿಗೆಂದು ಮನೆ ಬಿಟ್ಟ ಮೇಷ್ಟ್ರ ಕಂಕುಳಲ್ಲಿ ಒಂದು ಖಾಲಿ ನೋಟ್‌ಬುಕ್ ಇತ್ತು.