ಡಾಕ್ಟರ ಬಾಯಲ್ಲಿ ಐತೆ

ನಾನು ಕೂತು ಬರೆಯುವುದು ಬಾಳ್ಳುಪೇಟೆಯಲ್ಲಿ, ಪಂಕ್ಚರ್ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ. ಹೊರದೇಶದ ಧಾರಾವಾಹಿಗಳ ಡಬ್ಬಿಂಗಿಗೆ ಕನ್ನಡ ಮಾತು ಬರೆದುಕೊಡುವುದು ನನ್ನ ಕೆಲಸ. ಪಾತ್ರದ ಬಾಯಿ ತೆರೆದಾಗ ನಮ್ಮ ಅಕ್ಷರವೂ ತೆರೆಯಬೇಕು, ಮುಚ್ಚಿದಾಗ ಮುಚ್ಚಬೇಕು. ಕಾಫಿ ಎಸ್ಟೇಟಿನ ಕೂಲಿ ಲೈನಿನಲ್ಲಿ ಬೆಳೆದು, ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಈ ಕೆಲಸ ಯಾರೂ ದಯೆ ತೋರಿ ಕೊಟ್ಟದ್ದಲ್ಲ.

ಆ ಸಲ ಬಂದದ್ದು ಕೊರಿಯಾದ ಕತೆ. ನಾಯಕ ದೊಡ್ಡ ಆಸ್ಪತ್ರೆಯ ಸರ್ಜನ್. ಆಸ್ಪತ್ರೆಯಲ್ಲಿ ಅವನದು ರಾಜಧಾನಿಯ ಭಾಷೆ; ಊರಿಗೆ ಬಂದು ತಾಯಿಯೆದುರು ಕೂತರೆ ಊರ ಭಾಷೆ. ಜೊತೆಗೆ ಕಳಿಸಿದ್ದ ಇಂಗ್ಲಿಷ್ ಪ್ರತಿಯಲ್ಲಿ ಇದನ್ನು ಬಿಡಿಸಿ ಬರೆದಿದ್ದರು. ಆ ಮಾತಿಗೆ ಅಲ್ಲಿ ಯಾರೂ ನಗುವುದಿಲ್ಲ. ತಾಯಿ ಸೆರಗಿಲ್ಲದ ಅಂಗಿಯ ತೋಳಲ್ಲೇ ಕಣ್ಣೊರೆಸಿಕೊಳ್ಳುತ್ತಾಳೆ, ಅಷ್ಟೆ.

ಆ ದೃಶ್ಯವನ್ನು ಮತ್ತೆ ಮತ್ತೆ ಹಾಕಿ ನೋಡಿದೆ. ಹಾಸನದ ಕಾಲೇಜಿನಲ್ಲಿ ಒಬ್ಬ ಮೇಷ್ಟ್ರು ನನ್ನ ಬಾಯಿಂದ ಬಂದ ‘ಐತೆ’ಯನ್ನು ಕ್ಲಾಸೆಲ್ಲ ನಗಲೆಂದೇ ಮತ್ತೆ ಹೇಳಿಸಿದ್ದರು. ಅದೇ ‘ಐತೆ’ ಈಗ ಸರ್ಜನ್ ಬಾಯಿಗೆ ಬರುತ್ತದಲ್ಲ ಎಂದುಕೊಂಡು, “ಅವ್ವಾ, ಉಣ್ಣಕ್ ಏನೈತೆ?” ಎಂದು ಬರೆದೆ. ಆ ಮಾತಿನ ಕೊನೆಗೆ ಅವನ ಬಾಯಿ ಅಗಲವಾಗಿ ತೆರೆಯುತ್ತದೆ. ನನ್ನ ‘ಏನೈತೆ’ಯ ‘ನೈ’ ಅಲ್ಲಿ ಅಚ್ಚು ಹಾಕಿದಂತೆ ಕೂತಿತು.

ಬೆಂಗಳೂರಿನ ಸ್ಟುಡಿಯೋದಿಂದ ಡಬ್ಬಿಂಗ್ ಉಸ್ತುವಾರಿಯವನು ಫೋನ್ ಮಾಡಿದ.

“ಮೇಡಂ, ಲಿಪ್ ಎಲ್ಲಾ ಚೆನ್ನಾಗಿ ಕೂತಿದೆ. ಆದ್ರೆ ಡಾಕ್ಟರ್ ಬಾಯಲ್ಲಿ ಐತೆ ಗೀತೆ ಎಲ್ಲಾ ಬೇಡ.”

“ಮತ್ಯಾರ ಬಾಯಲ್ಲಿ ಇಡಲಿ?”

“ಪಕ್ಕದ್ಮನೆ ಕುಡುಕ ಇದಾನಲ್ಲ, ಅವನಿಗೆ ಇಡಿ. ಕಾಮಿಡಿ ಬರುತ್ತೆ.”

“ಕೊರಿಯಾದಲ್ಲಿ ಡಾಕ್ಟರೇ ಹಂಗೆ ಮಾತಾಡ್ತಾನಲ್ಲ ಸರ್.”

“ಅದು ಕೊರಿಯಾ ಮೇಡಂ.”

ಎಷ್ಟು ಸಲೀಸಾಗಿ ಹೇಳಿಬಿಟ್ಟ. ಅವರು ಬಗ್ಗಿ ನಮಸ್ಕರಿಸುವ ರೀತಿ ನಮಗೆ ಬೇಕು, ಅವರ ಕೋಸಿನ ಉಪ್ಪಿನಕಾಯಿ ಬೇಕು, ಹೇರ್‌ಕಟ್ಟೂ ಬೇಕು. ಅವರು ತಮ್ಮ ಹಳ್ಳಿ ಮಾತಿಗೆ ಕೊಡುವ ಮರ್ಯಾದೆ ಮಾತ್ರ ಬೇಡ. ಸಕಲೇಶಪುರದ ಆಸ್ಪತ್ರೆಯ ಕಾರಿಡಾರಿನಲ್ಲಿ ಫೋನ್ ಹಿಡಿದು “ಬತ್ತೀನಿ ಇರವ್ವ” ಎನ್ನುವ ಡಾಕ್ಟರನ್ನು ನಾನು ಕಂಡಿದ್ದೇನೆ. ಉಸ್ತುವಾರಿಯವನು ಕಂಡಿಲ್ಲ, ಹಾಗಾಗಿ ಅಂಥವರು ಇಲ್ಲವೇ ಇಲ್ಲ.

ನಾನು ಬದಲಿಸುವುದಿಲ್ಲ ಎಂದೆ. ಅವರೇ ಬದಲಿಸಿಕೊಂಡರು.

ಧಾರಾವಾಹಿ ಬಂದ ದಿನ ಲೈನಿನ ಮನೆಗೆ ಹೋಗಿದ್ದೆ. ಅವ್ವ ತೋಟದ ಕೆಲಸ ಮುಗಿಸಿ, ಕೈಕಾಲು ತೊಳೆದು ನನ್ನ ಪಕ್ಕ ಕೂತಳು. ಸರ್ಜನ್ ಊರಿಗೆ ಬಂದ. “ಅಮ್ಮಾ, ಊಟಕ್ಕೆ ಏನಿದೆ?” ಎಂದ. ಅಷ್ಟಗಲ ತೆರೆದ ಬಾಯೊಳಗಿಂದ ಚಿಕ್ಕದೊಂದು ‘ನಿ’.

“ಇದ್ಯಾಕ್ ಮಗ,” ಅಂದಳು ಅವ್ವ, “ಹೆತ್ತವ್ವನ ತಾವ ಬ್ಯಾಂಕ್ ಮ್ಯಾನೇಜರ್ ತಾವ ಮಾತಾಡ್ದಂಗ್ ಆಡ್ತಾನೆ?”

ಆಮೇಲೆ ಕುಡುಕ ಬಂದ. “ಎಲ್ಲೈತ್ಲಾ ನನ್ ಬಾಟ್ಲಿ?” ಎಂದ. ಅವ್ವ ಬಿದ್ದು ಬಿದ್ದು ನಕ್ಕಳು.

“ಇವ ನಮ್ ಕಡೆಯೋನು ಕಣೇ.”

ಕಾಲೇಜಿನ ನಗುವಿಗಿಂತ ಈ ನಗು ನನ್ನನ್ನು ಹೆಚ್ಚು ಉರಿಸಿತು. ಅಷ್ಟರಲ್ಲಿ ಪರದೆಯ ಮೇಲೆ ‘ಕನ್ನಡ ಸಂಭಾಷಣೆ’ ಎಂದು ಬಂದು, ಕೆಳಗೆ ನನ್ನ ಹೆಸರು ಮೂಡಿತು. ನಮ್ಮ ಮನೆಯವರ ಹೆಸರು ವೋಟರ್ ಲಿಸ್ಟ್ ಬಿಟ್ಟು ಬೇರೆಲ್ಲೂ ಅಚ್ಚಾದದ್ದಿಲ್ಲ. ಮೊದಲ ಸಲ ಬಂದದ್ದು ಹೀಗೆ, ನಾನು ಬರೆಯದ ಮಾತಿನ ಕೆಳಗೆ.

ಬೆಳಗ್ಗೆಯೇ ಫೋನ್ ಮಾಡಿ ಹೆಸರು ತೆಗೆಯಿರಿ ಎಂದೆ.

“ಹಂಗೆಲ್ಲಾ ತೆಗೆಯೋಕೆ ಬರಲ್ಲ ಮೇಡಂ. ಕೊರಿಯಾದವರ ಪರ್ಮಿಶನ್ ಬೇಕು.”

“ಡಾಕ್ಟರ ನಾಲಿಗೆ ಬದಲಾಯಿಸೋಕೆ ಬೇಕಾಗ್ಲಿಲ್ವಾ?”

ಹಾಗಾದರೆ ಅವರ ವಿಳಾಸ ಕೊಡಿ, ನಾನೇ ಬರೆದು ಕೇಳುತ್ತೇನೆ, ಹೆಸರಿನದನ್ನೂ ನಾಲಿಗೆಯದನ್ನೂ ಕೇಳುತ್ತೇನೆ ಎಂದೆ. ನೋಡಿ ಕಳಿಸುತ್ತೇನೆ ಎಂದ. ಇನ್ನೂ ನೋಡುತ್ತಿದ್ದಾನೆ. ಪ್ರತಿ ಸೋಮವಾರ ಬೆಳಗ್ಗೆ ಅವನಿಗೆ ಫೋನ್ ಮಾಡುತ್ತೇನೆ. “ಎಲ್ಲೈತೆ ಸರ್ ವಿಳಾಸ?” ಎಂದೇ ಕೇಳುತ್ತೇನೆ.